ಹಳೆಯ ಕಾರಿನ ಮೇಲೆ ಕೊಲೆ ಆರೋಪ

ನಮ್ಮ ಮನೆಯ ಓಮ್ನಿ 2007ರದು. ತಿಪಟೂರಿನ ನಮ್ಮ ದಿನಸಿ ಅಂಗಡಿಗೆ ಸಾಮಾನು ತರುವುದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ವರ್ಷಕ್ಕೊಮ್ಮೆ ಸಿದ್ಧಗಂಗೆಯ ಜಾತ್ರೆ, ಎಲ್ಲವೂ ಅದರಲ್ಲೇ. 2022ರಲ್ಲಿ ಅದಕ್ಕೆ ಹದಿನೈದು ತುಂಬಿತು. ಆ ಏಪ್ರಿಲ್‌ನಿಂದ ಹದಿನೈದು ದಾಟಿದ ಕಾರಿನ ಆರ್‌ಸಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತ್ತು. ಕಾಗದಪತ್ರ ಹಿಡಿದು ನಿಂತಿದ್ದ ಅಪ್ಪನಿಗೆ ಅಲ್ಲಿದ್ದ ಒಬ್ಬರು, "ಇದಕ್ಕೆ ಯಾಕೆ ದುಡ್ಡು ಹಾಕ್ತೀರಾ ಯಜಮಾನ್ರೇ, ಗುಜರಿಗೆ ಹಾಕಿ. ಹಳೇ ಗಾಡಿ ಸೇಫ್ ಅಲ್ಲ" ಅಂದರು. ಅಪ್ಪ, "ಬ್ರೇಕ್ ನೋಡಿ ಹೇಳಿ ಸ್ವಾಮಿ, ವರ್ಷ ನೋಡಿ ಹೇಳಬೇಡಿ" ಅಂದರಂತೆ. ರಾತ್ರಿ ಫೋನಿನಲ್ಲಿ ಇದನ್ನು ಹೇಳಿಕೊಂಡು ನಗುತ್ತಿದ್ದರು.

ನನಗೆ ನಗು ಬರಲಿಲ್ಲ. ಪಿಎಚ್‌ಡಿಗಾಗಿ ಮೋಟಾರು ವಾಹನಗಳ ಸಾಮಾಜಿಕ ಇತಿಹಾಸ ಓದುತ್ತಿದ್ದ ನನ್ನ ಮೇಜಿನ ಮೇಲೆ ಆ ವಾರ ಇದ್ದದ್ದು 1930ರ ಅಮೆರಿಕದ ಕಥೆ. ಅಲ್ಲಿಯೂ ಇದೇ ಮಾತು ಕೇಳಿಸುತ್ತಿತ್ತು, ತೊಂಬತ್ತು ವರ್ಷ ಮೊದಲೇ.

ಆ ಕಥೆ ಶುರುವಾಗುವುದು ರಸ್ತೆಯಲ್ಲಲ್ಲ, ಡೀಲರುಗಳ ಅಂಗಳದಲ್ಲಿ. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳನ್ನು ಮಾಡಿತ್ತು. ಸುತ್ತಿಗೆ, ತಂತಿ, ಸ್ವಲ್ಪ ತಾಳ್ಮೆ ಇದ್ದರೆ ರೈತನೇ ರಿಪೇರಿ ಮಾಡಿಕೊಳ್ಳಬಹುದಾದ ಗಾಡಿ ಅದು. ಇಪ್ಪತ್ತರ ದಶಕದ ಕೊನೆಗೆ ಕಾರು ಬೇಕಾದವರ ಬಳಿ ಬಹುಮಟ್ಟಿಗೆ ಕಾರು ಬಂದಾಗಿತ್ತು. ಹೊಸದನ್ನು ಮಾರಬೇಕೆಂದರೆ ಹಳೆಯದನ್ನು ಎಕ್ಸ್‌ಚೇಂಜಿಗೆ ತೆಗೆದುಕೊಳ್ಳಲೇಬೇಕು. ತೆಗೆದುಕೊಂಡ ಹಳೆಯದು ಅಂಗಳದಲ್ಲೇ ಕೂರುತ್ತದೆ. ಅಗ್ಗಕ್ಕೆ ಮಾರಿದರೆ ಹೊಸದರ ಗಿರಾಕಿಯನ್ನೇ ಅದು ಕಿತ್ತುಕೊಳ್ಳುತ್ತದೆ. ಆ ಹೊತ್ತಿಗೆ ಹೊಸ ಕಾರುಗಳಿಗಿಂತ ಬಳಸಿದ ಕಾರುಗಳೇ ಹೆಚ್ಚು ಮಾರಾಟವಾಗುತ್ತಿದ್ದವು. ಜನರಲ್ ಮೋಟಾರ್ಸ್ ವರ್ಷಕ್ಕೊಂದು ಹೊಸ ರೂಪ ತರುವ ಪದ್ಧತಿ ಬೆಳೆಸಿತು. ಅದರ ಸಂಶೋಧನಾ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ 1929ರಲ್ಲಿ ಬರೆದ ಲೇಖನದ ಒಟ್ಟು ತಾತ್ಪರ್ಯವೇ ಗಿರಾಕಿಗೆ ತೃಪ್ತಿಯಾಗದಂತೆ ನೋಡಿಕೊಳ್ಳಬೇಕು ಎಂಬುದು. ಮುಚ್ಚುಮರೆ ಇಲ್ಲದೆ ಹೇಳಿದ್ದಕ್ಕೆ ಆತನನ್ನು ಮೆಚ್ಚಬೇಕು.

ಆದರೂ ಹಳೆಯ ಕಾರು ಸಾಯುತ್ತಿರಲಿಲ್ಲ. ಹಾಗಾಗಿ ಕೊಲ್ಲಬೇಕಾಯಿತು. ಷೆವರ್ಲೆ ಹಳೆಯ ಕಾರನ್ನು ಮುರಿಸಿದ ಡೀಲರಿಗೆ ಹಣ ಕೊಡುವ ಯೋಜನೆ ತಂದಿತು. 1930ರಲ್ಲಿ ಕಾರು ತಯಾರಕರ ರಾಷ್ಟ್ರೀಯ ಸಂಘವೇ ಇಂಥದ್ದೊಂದು ಯೋಜನೆಯನ್ನು ದೇಶದುದ್ದಕ್ಕೂ ಹಬ್ಬಿಸಿತು. ಅದಕ್ಕೆ ಅವರು ಇಟ್ಟ ಹೆಸರು 'ಹೈವೇ ಸೇಫ್ಟಿ ಪ್ಲಾನ್'. ಗುಜರಿ ಯೋಜನೆ ಎಂದಲ್ಲ, ಮಾರುಕಟ್ಟೆ ಯೋಜನೆ ಎಂದಲ್ಲ, ಹೆದ್ದಾರಿ ಸುರಕ್ಷತೆ. ಅದೇ ವರ್ಷ ಡಿಟ್ರಾಯಿಟ್ ಬಳಿಯ ರಿವರ್ ರೂಜ್ ಕಾರ್ಖಾನೆಯಲ್ಲಿ ಫೋರ್ಡ್, ಯಾವ ಕಂಪನಿಯದಾದರೂ ಸರಿ, ಹಳೆಯ ಕಾರಿಗೆ 20 ಡಾಲರ್ ಕೊಟ್ಟು ಒಳಗೆಳೆದುಕೊಳ್ಳತೊಡಗಿತು. ಕಾರು ಜೋಡಿಸುವ ಸಾಲಿನ ಹಾಗೆಯೇ ಕಾರು ಬಿಚ್ಚುವ ಸಾಲು. ಗಾಜು ಒಂದು ಕಡೆ, ಸೀಟಿನ ಬಟ್ಟೆ ಇನ್ನೊಂದು ಕಡೆ, ಉಳಿದ ಒಡಲು ಜಜ್ಜಿ ಕುಲುಮೆಗೆ. ಹೊರಬರುವುದು ಹೊಸ ಕಾರಿಗೆ ಬೇಕಾದ ಉಕ್ಕು.

ಹಳೆಯ ಕಾರು ಅಪಾಯ ಎಂಬುದು ಪೂರಾ ಸುಳ್ಳಾಗಿತ್ತೇ ಎಂದು ಕೇಳಿದರೆ, ಇಲ್ಲ. ಮಾಡೆಲ್ ಟಿಯ ಕಾಲಿನ ಬ್ರೇಕು ಹಿಡಿಯುತ್ತಿದ್ದದ್ದು ಚಕ್ರವನ್ನಲ್ಲ, ಗೇರಿನ ಪೆಟ್ಟಿಗೆಯನ್ನು. ನಾಲ್ಕೂ ಚಕ್ರಕ್ಕೆ ಬ್ರೇಕು ಸಾಮಾನ್ಯವಾದದ್ದು ಇಪ್ಪತ್ತರ ದಶಕದ ಕೊನೆಗೆ. ಗಾಜು ಒಡೆದರೆ ಚೂರಿಗಳಾಗಿ ಮುಖಕ್ಕೆ ಬರುತ್ತಿತ್ತು. 1930ರಲ್ಲಿ ಅಮೆರಿಕದ ರಸ್ತೆಗಳಲ್ಲಿ ಸತ್ತವರು ಮೂವತ್ತು ಸಾವಿರಕ್ಕೂ ಹೆಚ್ಚು. ಇದು ನಿಜವಾದ ಸಾವು, ನಿಜವಾದ ಭಯ. ಪ್ರಚಾರ ನಿಂತದ್ದು ಈ ಭಯದ ಮೇಲೆ.

ಆದರೆ ಇದೇ ಉದ್ಯಮ ಏಳು ವರ್ಷ ಮೊದಲು ಏನು ಮಾಡಿತ್ತು ಎಂದು ನೋಡಬೇಕು. ಆಗ ನಗರಗಳಲ್ಲಿ ಕಾರಿಗೆ ಬಲಿಯಾಗುತ್ತಿದ್ದವರಲ್ಲಿ ಹೆಚ್ಚಿನವರು ನಡೆದಾಡುವವರು, ಅವರಲ್ಲಿ ಮಕ್ಕಳು ಬಹಳ. 1922ರಲ್ಲಿ ಬಾಲ್ಟಿಮೋರ್ ನಗರ ಹಾಗೆ ಸತ್ತ ಮಕ್ಕಳಿಗೆ ಸ್ಮಾರಕವನ್ನೇ ನಿಲ್ಲಿಸಿತು. 1923ರಲ್ಲಿ ಸಿನ್ಸಿನಾಟಿಯ ಸುಮಾರು 42 ಸಾವಿರ ಜನ ಒಂದು ಅರ್ಜಿಗೆ ಸಹಿ ಹಾಕಿದರು. ನಗರದ ಪ್ರತಿ ಕಾರಿಗೂ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ದಾಟದಂತೆ ಎಂಜಿನನ್ನು ತಡೆಯುವ ಗವರ್ನರ್ ಅಳವಡಿಸಬೇಕು ಎಂಬುದು ಬೇಡಿಕೆ. ವಿಷಯ ಜನಮತಕ್ಕೆ ಹೋಯಿತು. ಡೀಲರುಗಳು, ಮೋಟಾರು ಕ್ಲಬ್ಬುಗಳು ಒಟ್ಟಾಗಿ ಭಾರಿ ಪ್ರಚಾರ ನಡೆಸಿ ಅದನ್ನು ಸೋಲಿಸಿದರು. ಆ ಸೋಲಿನ ಆಚೆಗೇ ಉದ್ಯಮ ಸುರಕ್ಷತೆಯ ಮಾತನ್ನು ತಾನೇ ಕೈಗೆತ್ತಿಕೊಂಡಿತು ಎನ್ನುವುದು ಇತಿಹಾಸಕಾರ ಪೀಟರ್ ನಾರ್ಟನ್ ಅವರ ವಾದ. ನನಗೂ ಅದು ಒಪ್ಪಿಗೆಯೇ. ಎಲ್ಲ ಕಾರಿನ ವೇಗಕ್ಕೂ ಕಡಿವಾಣ ಹಾಕುವ ಸುರಕ್ಷತೆ ಅವರಿಗೆ ಬೇಡವಾಗಿತ್ತು. ಬಡವನ ಕಾರನ್ನು ರಸ್ತೆಯಿಂದ ತೆಗೆಯುವ ಸುರಕ್ಷತೆ ಬೇಕಾಗಿತ್ತು.

ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂತು. 1929ರಲ್ಲಿ ಐವತ್ತಮೂರು ಲಕ್ಷದಷ್ಟು ವಾಹನ ತಯಾರಿಸಿದ್ದ ದೇಶ 1932ರಲ್ಲಿ ತಯಾರಿಸಿದ್ದು ಹದಿಮೂರು ಲಕ್ಷದಷ್ಟು. ಅಂದರೆ ಮುಕ್ಕಾಲು ಪಾಲು ಹೋಯಿತು. ಆದರೆ ರಸ್ತೆಯ ಮೇಲೆ ನೋಂದಣಿಯಾಗಿದ್ದ ವಾಹನಗಳು ಕಡಿಮೆಯಾದದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ನನ್ನ ಇಡೀ ಅಧ್ಯಾಯ ಈ ಎರಡು ಸಂಖ್ಯೆಗಳ ನಡುವೆ ಕೂತಿದೆ. ಜನ ಹೊಸ ಬಟ್ಟೆ ಬಿಟ್ಟರು, ಹಲ್ಲಿನ ಡಾಕ್ಟರನ್ನು ಬಿಟ್ಟರು, ಕಾರು ಬಿಡಲಿಲ್ಲ. ಲಿಂಡ್ ದಂಪತಿ ತಮ್ಮ 'ಮಿಡ್ಲ್‌ಟೌನ್ ಇನ್ ಟ್ರಾನ್ಸಿಷನ್' ಪುಸ್ತಕದಲ್ಲಿ ಈ ಅಂಟನ್ನು ದಾಖಲಿಸಿದ್ದಾರೆ. ಕೆಲಸ ಹುಡುಕಿ ಹೋಗಲು ಅದೇ ಬೇಕಿತ್ತು. ಸ್ಟೈನ್‌ಬೆಕ್‌ನ 'ದ ಗ್ರೇಪ್ಸ್ ಆಫ್ ರಾತ್' ಓದಿದವರಿಗೆ ಜೋಡ್ ಕುಟುಂಬದ ಗಾಡಿ ನೆನಪಿರುತ್ತದೆ: ಹಳೆಯ ಹಡ್ಸನ್ ಕಾರನ್ನು ಕೊಯ್ದು ಟ್ರಕ್ ಮಾಡಿಕೊಂಡು ಇಡೀ ಮನೆಯನ್ನು ಅದರ ಮೇಲೆ ಹೇರಿಕೊಂಡು ಹೊರಟವರು. ಆ ಕಾದಂಬರಿ ಬಂದದ್ದು 1939ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 1938ರ ಮಾರ್ಚ್‌ನಲ್ಲಿ, ತಯಾರಕರು ಮತ್ತು ಡೀಲರುಗಳು ಸೇರಿ 'ನ್ಯಾಷನಲ್ ಯೂಸ್ಡ್ ಕಾರ್ ಎಕ್ಸ್‌ಚೇಂಜ್ ವೀಕ್' ಆಚರಿಸಿದ್ದರು. ನಾವು ಡಕೋಟ ಗಾಡಿ ಅನ್ನುವುದನ್ನು ಅಲ್ಲಿನವರು ಜಲೋಪಿ ಅನ್ನುತ್ತಾರೆ. ಆ ಕಾಲದಲ್ಲಿ ಜಲೋಪಿಗಳನ್ನು ರಾಶಿ ಹಾಕಿ ಬೆಂಕಿ ಹಚ್ಚುವುದೂ ಪ್ರಚಾರದ ಭಾಗವಾಗಿತ್ತು. ಮಾರ್ಚ್ ತಿಂಗಳು, ನಮ್ಮಲ್ಲಾದರೆ ಕಾಮನನ್ನು ಸುಡುವ ಕಾಲ.

ಹೊಸ ಕಾರು ಎಷ್ಟು ಸುರಕ್ಷಿತವಾಗಿತ್ತು? ಡಿಟ್ರಾಯಿಟ್‌ನಲ್ಲಿ ಕ್ಲೇರ್ ಸ್ಟ್ರೇತ್ ಎಂಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಡ್ಯಾಷ್‌ಬೋರ್ಡಿನ ಲೋಹದ ಗುಬುಟುಗಳಿಗೆ ಅಪ್ಪಳಿಸಿ ಚೂರಾದ ಮುಖಗಳನ್ನು ಹೊಲಿಯುವುದೇ ಅವರ ಕೆಲಸವಾಗಿಬಿಟ್ಟಿತ್ತು. ಆ ಗುಬುಟುಗಳನ್ನು ಒಳಗೆ ಹುದುಗಿಸಿ, ಡ್ಯಾಷ್‌ಬೋರ್ಡಿಗೆ ಮೆತ್ತೆ ಹಾಕಿ ಎಂದು ಮೂವತ್ತರ ದಶಕದಲ್ಲಿ ಅವರು ಕಂಪನಿಗಳ ಬೆನ್ನು ಬಿದ್ದರು. 1937ರ ಡಾಡ್ಜ್ ಕಾರಿನಲ್ಲಿ ಅವರ ಮಾತು ಸ್ವಲ್ಪ ನಡೆಯಿತು, ಅಷ್ಟೇ. ಆ ವರ್ಷ ರಸ್ತೆಯಲ್ಲಿ ಸತ್ತವರು 37 ಸಾವಿರಕ್ಕೂ ಹೆಚ್ಚು. ಅಮೆರಿಕದ ಹೊಸ ಕಾರುಗಳಲ್ಲಿ ಸೀಟ್ ಬೆಲ್ಟ್ ಕಡ್ಡಾಯವಾಗಲು 1968 ಬರಬೇಕಾಯಿತು, ಅದೂ ರಾಲ್ಫ್ ನೇಡರ್ ಪುಸ್ತಕ ಎಬ್ಬಿಸಿದ ಗದ್ದಲ, ಅದರ ಬೆನ್ನಿಗೆ ಬಂದ 1966ರ ಕಾನೂನು ಇವೆಲ್ಲ ಆದ ಮೇಲೆ. ಸುಟ್ಟ ಜಲೋಪಿಯ ಜಾಗಕ್ಕೆ ಬಂದದ್ದು ಇನ್ನೂ ವೇಗವಾಗಿ ಓಡುವ, ಅಷ್ಟೇ ಗಟ್ಟಿ ಲೋಹದ ಡ್ಯಾಷ್‌ಬೋರ್ಡಿನ ಗಾಡಿ.

ಇದನ್ನು ಇನ್ನೊಂದು ಬಗೆಯಲ್ಲೂ ಪರೀಕ್ಷಿಸಿ ನೋಡಬಹುದು, ಅದಕ್ಕೆ ಅವಕಾಶ ಕೊಟ್ಟದ್ದು ಯುದ್ಧ. 1942ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸಾರ್ವಜನಿಕರಿಗೆ ಕಾರು ತಯಾರಿಸುವುದೇ ನಿಂತಿತು. ಟೈರಿಗೆ, ಪೆಟ್ರೋಲಿಗೆ ರೇಷನ್. ವೇಗದ ಮಿತಿ ಗಂಟೆಗೆ 35 ಮೈಲಿ. ರಸ್ತೆಯಲ್ಲಿದ್ದ ಪ್ರತಿ ಕಾರೂ ದಿನದಿನಕ್ಕೆ ಹಳತಾಗುತ್ತಿತ್ತು. ಆದರೂ 1943ರಲ್ಲಿ ಸಾವಿನ ಸಂಖ್ಯೆ 24 ಸಾವಿರದೊಳಗೆ ಇಳಿಯಿತು. ಕಾರು ಹಳೆಯದಾದುದರಿಂದ ಸಾವು ಇಳಿಯಿತು ಎಂದು ನಾನು ಹೇಳುತ್ತಿಲ್ಲ. ಜನ ಕಡಿಮೆ ಓಡಾಡಿದರು, ನಿಧಾನ ಓಡಿಸಿದರು. ಸಾವನ್ನು ಏರಿಸುವುದು ಇಳಿಸುವುದು ಕಾರಿನ ವಯಸ್ಸೊಂದೇ ಅಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಹಳೆಯ ಗಾಡಿಯ ಅಪಾಯವನ್ನು ಬೇರೆ ರೀತಿಯಲ್ಲಿ ಎದುರಿಸಿದ ದೇಶ ಬ್ರಿಟನ್. ಅಲ್ಲಿನ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ 1960ರ ಸೆಪ್ಟೆಂಬರಿನಲ್ಲಿ ಹತ್ತು ವರ್ಷ ದಾಟಿದ ಕಾರುಗಳಿಗೆ ಪರೀಕ್ಷೆ ತಂದರು. ನೋಡುತ್ತಿದ್ದದ್ದು ಮೂರೇ: ಬ್ರೇಕು, ದೀಪ, ಸ್ಟೀರಿಂಗ್. (ಈ ಮಾರ್ಪಲ್ಸ್ ರಸ್ತೆ ಗುತ್ತಿಗೆ ಕಂಪನಿಯೊಂದರ ಸ್ಥಾಪಕರಲ್ಲಿ ಒಬ್ಬರು, ಹಾಗಾಗಿ ಇಲ್ಲಿಯೂ ಸಂತರು ಯಾರೂ ಇಲ್ಲ.) ಫೇಲಾದ ಗಾಡಿಗಳು ಎಷ್ಟಿದ್ದವೆಂದರೆ ಮುಂದಿನ ವರ್ಷವೇ ವಯಸ್ಸನ್ನು ಏಳಕ್ಕೆ ಇಳಿಸಿದರು, 1967ರಲ್ಲಿ ಮೂರಕ್ಕೆ. ಹಳೆಯ ಕಾರಿನ ಬಗೆಗಿನ ಭಯ ಸುಳ್ಳಲ್ಲ ಎಂಬುದು ಇದರಿಂದಲೇ ಗೊತ್ತಾಯಿತು. ಮೂರು ವರ್ಷದ ಕಾರನ್ನೂ ನಂಬಬಾರದು ಎಂಬುದೂ ಗೊತ್ತಾಯಿತು. ರಿಪೇರಿ ಮಾಡಿಸಿ ತಂದರೆ ಪಾಸು. ಗಾಡಿಯ ಹುಟ್ಟಿದ ವರ್ಷ ಪರೀಕ್ಷೆಗೆ ಕರೆಯುತ್ತಿತ್ತೇ ಹೊರತು ತೀರ್ಪು ಕೊಡುತ್ತಿರಲಿಲ್ಲ.

ನಮ್ಮ ದೇಶದ ಗುಜರಿ ನೀತಿ 2021ರದು. ಕಾಗದದ ಮೇಲೆ ಅದೂ ಫಿಟ್‌ನೆಸ್ ಪರೀಕ್ಷೆಯನ್ನೇ ಆಧರಿಸಿದೆ. ಅದರ ಉದ್ದೇಶಗಳ ಪಟ್ಟಿಯಲ್ಲಿ ಮಾಲಿನ್ಯ ಇದೆ, ರಸ್ತೆ ಸುರಕ್ಷತೆ ಇದೆ, ವಾಹನ ಮತ್ತು ಉಕ್ಕಿನ ಉದ್ಯಮಕ್ಕೆ ಅಗ್ಗದ ಕಚ್ಚಾವಸ್ತು ಒದಗಿಸುವುದೂ ಇದೆ. ಅದನ್ನು ಮೊದಲ ಸಲ ಓದಿದಾಗ ರಿವರ್ ರೂಜ್‌ನ ಕುಲುಮೆ ನೆನಪಾಯಿತು. ಅನೌಪಚಾರಿಕ ಗುಜರಿ ಉದ್ಯಮವನ್ನು ವ್ಯವಸ್ಥೆಯೊಳಗೆ ತರುವುದು ಇನ್ನೊಂದು ಉದ್ದೇಶ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಗಾಡಿ ಬಿಚ್ಚಿ, ಓಡುವ ಬಿಡಿಭಾಗವನ್ನು ಇನ್ನೊಂದು ಹಳೆಯ ಗಾಡಿಗೆ ದಾಟಿಸುವವರಿಗೆ ಅಲ್ಲಿ ಯಾವ ಜಾಗ ಸಿಗುತ್ತದೋ ನೋಡಬೇಕು. ಕುಲುಮೆಗೆ ಬೇಕಾದದ್ದು ಬರೀ ಲೋಹ, ಅವರಿಗೆ ಬೇಕಾದದ್ದು ಇನ್ನೂ ಓಡುವ ಗೇರ್‌ಬಾಕ್ಸ್.

ಅಪ್ಪ 5,000 ಕಟ್ಟಿದರು. ಎರಡು ವಾರದ ನಂತರ ಊರಿಗೆ ಹೋದಾಗ, ಈ ಕಥೆಯನ್ನೆಲ್ಲ ಹೇಳಿ ಕೊನೆಗೆ ಸುಮ್ಮನೆ ಕೇಳಿದೆ: "ಅಂದ ಹಾಗೆ ಅಪ್ಪಾ, ನಮ್ಮ ಗಾಡಿ ಬ್ರೇಕ್ ಯಾವಾಗ ಬಿಚ್ಚಿ ನೋಡ್ಸಿದ್ದು?"

ಅಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಕೊರೊನಾಕ್ಕಿಂತ ಮುಂಚೆ ಇರಬೇಕು" ಅಂದರು.

ಮರುದಿನ ಗ್ಯಾರೇಜಿಗೆ ಹೋದೆವು. ಹಿಂದಿನ ಬಲಚಕ್ರದ ಬ್ರೇಕ್ ಲೈನರ್ ಲೋಹ ಕಾಣುವಷ್ಟು ಸವೆದಿತ್ತು. ಆರ್‌ಸಿ ಆಗಲೇ ನವೀಕರಣವಾಗಿ ಅಪ್ಪನ ಜೇಬಿನಲ್ಲಿತ್ತು, ಇನ್ನೂ ಐದು ವರ್ಷಕ್ಕೆ.