ಸೊನ್ನೆಯ ಎಡಬದಿಗೆ ಬಂದ ದಾರಿ

ಋಣ ಸಂಖ್ಯೆಗಳು ಹಳೆಯವು. ಅವನ್ನು ಮಕ್ಕಳಿಗೆ ತೋರಿಸಲು ನಾವಿಂದು ಕರಿಹಲಗೆಯ ಮೇಲೆ ಎಳೆಯುವ ಸಂಖ್ಯಾರೇಖೆ ಮಾತ್ರ ಶಾಲೆಗಳಲ್ಲಿ ನೆಲೆಯೂರಿ ನೂರು ವರ್ಷವೂ ಆಗಿಲ್ಲ. ನಡುವಿನ ಇಷ್ಟು ದೊಡ್ಡ ಕಾಲವನ್ನು ನೆನೆದರೆ, ಆರನೇ ತರಗತಿಯ ಮಗು ಇಲ್ಲಿ ಎಡವುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಬ್ರಹ್ಮಗುಪ್ತ 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದಾಗ ಧನ, ಋಣ, ಸೊನ್ನೆ ಮೂರನ್ನೂ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕೊಟ್ಟ. ಅವನಿಗಿಂತ ಮೊದಲೇ ಚೀನಾದ ಗಣಿತಜ್ಞರು ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಇಟ್ಟು ಲೆಕ್ಕ ಮಾಡುತ್ತಿದ್ದರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟಪಡಿಸಿದ. ಇಲ್ಲೆಲ್ಲ ಇರುವುದು ಸಾಲ, ಆಸ್ತಿ, ಕಡ್ಡಿ, ದಿಕ್ಕಿನ ಮಾತಿಲ್ಲ. ಸುಮಾರು 1600ರ ಹೊತ್ತಿಗೆ ಭಾಸ್ಕರಾಚಾರ್ಯನ ‘ಬೀಜಗಣಿತ’ಕ್ಕೆ ವ್ಯಾಖ್ಯಾನ ಬರೆದ ಕೃಷ್ಣ ದೈವಜ್ಞ, ಪೂರ್ವಕ್ಕೆ ಹೋದದ್ದು ಧನವಾದರೆ ಪಶ್ಚಿಮಕ್ಕೆ ಹೋದದ್ದು ಋಣ ಎಂದು ವಿವರಿಸಿದ. ಇಂಗ್ಲೆಂಡಿನ ಜಾನ್ ವಾಲಿಸ್ 1685ರಲ್ಲಿ ಐದು ಗಜ ಮುಂದೆ ನಡೆದು ಎಂಟು ಗಜ ಹಿಂದೆ ಸರಿದವನ ಉದಾಹರಣೆ ಕೊಟ್ಟ. ಆದರೂ ಅದೇ ದೇಶದ ಫ್ರಾನ್ಸಿಸ್ ಮಾಸೆರೆಸ್ 1758ರಲ್ಲಿ ಪುಸ್ತಕವನ್ನೇ ಬರೆದು ಈ ಸಂಖ್ಯೆಗಳನ್ನು ಬೀಜಗಣಿತದಿಂದ ಹೊರಗಿಡಬೇಕೆಂದು ವಾದಿಸಿದ. ಕಲಿತವರೇ ಹೀಗೆ ಹಟ ಹಿಡಿದಿದ್ದ ವಿಷಯವಿದು.

ಸಂಖ್ಯಾರೇಖೆ ಶಾಲೆಗಳಲ್ಲಿ ವ್ಯಾಪಕವಾಗಿ ಹರಡಿದ್ದು 1950–60ರ ದಶಕಗಳಲ್ಲಿ, ಅಮೆರಿಕದ ‘ನ್ಯೂ ಮ್ಯಾಥ್’ ಸುಧಾರಣೆಯ ಜೊತೆಗೆ. ಸ್ಪುಟ್ನಿಕ್ ಹಾರಿದ ಮರುವರ್ಷ, 1958ರಲ್ಲಿ, ಶುರುವಾದ ಸ್ಕೂಲ್ ಮ್ಯಾಥಮೆಟಿಕ್ಸ್ ಸ್ಟಡಿ ಗ್ರೂಪ್‌ನ ಪಠ್ಯಗಳಲ್ಲಿ ಅದಕ್ಕೆ ದೊಡ್ಡ ಸ್ಥಾನವಿತ್ತು. ಆ ಸುಧಾರಣೆ ಹೆಚ್ಚು ಕಾಲ ಬಾಳಲಿಲ್ಲ, ರೇಖೆ ಉಳಿದುಕೊಂಡಿತು.

ಆಮೇಲೆ ಸಂಶೋಧಕರ ಗಮನ ಮಕ್ಕಳ ಯೋಚನೆಯ ಕಡೆ ತಿರುಗಿತು. ಈ ಕ್ಷೇತ್ರದ ನಿಜವಾದ ಬೆಳೆ ಇದೇ ಎಂದು ನನ್ನ ಎಣಿಕೆ. ಬೆಲ್ಜಿಯಂನ ಜೋಯೆಲ್ ವ್ಲಾಸಿಸ್ 2004ರಲ್ಲಿ ಮೈನಸ್ ಚಿಹ್ನೆ ಮೂರು ಕೆಲಸ ಮಾಡುತ್ತದೆಂದು ಬಿಡಿಸಿ ತೋರಿಸಿದರು: ಕಳೆಯುವುದು, ಸಂಖ್ಯೆಯನ್ನು ಋಣವೆಂದು ಗುರುತಿಸುವುದು, ಒಂದು ಸಂಖ್ಯೆಯ ವಿರುದ್ಧ ಸಂಖ್ಯೆಯನ್ನು ಸೂಚಿಸುವುದು. ನಾವು ಮೂರಕ್ಕೂ ಒಂದೇ ಗೆರೆ ಎಳೆದು, ಮಗು ತಾನಾಗಿ ಬೇರ್ಪಡಿಸಿಕೊಳ್ಳಲಿ ಎಂದು ಬಿಟ್ಟುಬಿಡುತ್ತೇವೆ. ಅಮೆರಿಕದ ಲಾರಾ ಬೊಫರ್ಡಿಂಗ್ 2014ರಲ್ಲಿ ಒಂದನೇ ತರಗತಿಯ ಮಕ್ಕಳ ಬಗ್ಗೆ ಬರೆದರು. −5 ದೊಡ್ಡದೋ −3 ದೊಡ್ಡದೋ ಎಂದರೆ, ಐದು ಮೂರಕ್ಕಿಂತ ದೊಡ್ಡದೆಂಬ ಬಲದ ಮೇಲೆ −5 ಎನ್ನುವ ಎಳೆಯರಿದ್ದಾರೆ. ಕ್ರಮವನ್ನೂ ಬೆಲೆಯನ್ನೂ ಒಟ್ಟಿಗೆ ಕಲಿಸಿದರೆ ಆ ವಯಸ್ಸಿನಲ್ಲೂ ತಿಳಿವಳಿಕೆ ಬದಲಾಗುತ್ತದೆ.

ರೇಖೆಯ ದೊಡ್ಡ ತೊಡಕು ಬೇರೆಯೇ. ಅದರ ಮೇಲೆ −5 ಎಂದರೆ ಒಂದು ಜಾಗ. ಎಡಕ್ಕೆ ಐದು ಹೆಜ್ಜೆ ಎಂಬ ನಡೆಯೂ ಹೌದು. ಈ ಎರಡನ್ನು ಬಿಡಿಸಿ ಹೇಳದಿದ್ದರೆ 3 − (−5) ಎಂಬಲ್ಲಿ ಮಗು ಕಂಗೆಡುತ್ತದೆ. ಆಗ ‘ಮೈನಸ್ ಮೈನಸ್ ಪ್ಲಸ್’ ಎಂದು ಬಾಯಿಪಾಠ ಮಾಡಿಸುವುದು ಸುಲಭ, ಆದರೆ ಅದರಿಂದ ಅರ್ಥವೇನೂ ಸಿಗುವುದಿಲ್ಲ.

2024ರಲ್ಲಿ ಬಂದ ಎನ್‌ಸಿಇಆರ್‌ಟಿಯ ಆರನೇ ತರಗತಿಯ ಹೊಸ ಪುಸ್ತಕ ಇಲ್ಲಿ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ನೆಲಮಟ್ಟವೇ ಸೊನ್ನೆಯಾಗಿರುವ, ಮೇಲೂ ಕೆಳಗೂ ಮಹಡಿಗಳಿರುವ ಒಂದು ಕಟ್ಟಡದ ಲಿಫ್ಟ್‌ನಲ್ಲಿ ಮಕ್ಕಳನ್ನು ಹತ್ತಿಸುತ್ತದೆ. ಅದರಲ್ಲಿ ಪ್ಲಸ್ ಗುಂಡಿ ಒತ್ತಿದರೆ ಒಂದು ಮಹಡಿ ಮೇಲಕ್ಕೆ, ಮೈನಸ್ ಒತ್ತಿದರೆ ಒಂದು ಮಹಡಿ ಕೆಳಕ್ಕೆ. ಹೊರಟ ಮಹಡಿಗೆ ಒತ್ತಿದ ಗುಂಡಿಗಳನ್ನು ಕೂಡಿದರೆ ತಲುಪುವ ಮಹಡಿ. ತಲುಪಬೇಕಾದ ಮಹಡಿಯಿಂದ ಹೊರಟದ್ದನ್ನು ಕಳೆದರೆ ಒತ್ತಬೇಕಾದ ಗುಂಡಿಗಳು. ಮಹಡಿ ಜಾಗ, ಗುಂಡಿ ನಡೆ. ನೆಲದಡಿಯ ಐದನೇ ಮಹಡಿಯಿಂದ ಮೇಲಿನ ಮೂರನೆಯದಕ್ಕೆ ಹೋಗಲು ಎಂಟು ಬಾರಿ ಪ್ಲಸ್ ಒತ್ತಬೇಕೆಂಬುದನ್ನು ಮಗು ಎಣಿಸಿಯೇ ಹೇಳಬಲ್ಲದು.

ಗುಣಾಕಾರದಲ್ಲಿ ಲಿಫ್ಟೂ ರೇಖೆಯೂ ಅಷ್ಟು ನೆರವಾಗುವುದಿಲ್ಲ. ಋಣವನ್ನು ಋಣದಿಂದ ಗುಣಿಸಿದರೆ ಧನ ಬರುವುದನ್ನು ತೋರಿಸಲು ನಾನು ಆರಿಸುವುದು ಒಂದು ಸಾಲನ್ನು: 2 × (−3) = −6, 1 × (−3) = −3, 0 × (−3) = 0. ಉತ್ತರ ಪ್ರತಿ ಸಲ ಮೂರರಷ್ಟು ಏರುತ್ತಿದೆ. ಇನ್ನು (−1) × (−3) ಎಷ್ಟಿರಬೇಕೆಂದು ಮಕ್ಕಳನ್ನೇ ಕೇಳಿ, ಉತ್ತರಕ್ಕೆ ಸಾಕಷ್ಟು ಹೊತ್ತು ಕೊಡಬೇಕು.