ಶಾಲೆಯ ಮೈದಾನಕ್ಕೆ ಬಂದ ಹಣ

ಒಲಿಂಪಿಕ್ಸ್ ನಡೆದ ವರ್ಷಗಳಲ್ಲೆಲ್ಲ ನಮ್ಮ ಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ತಪ್ಪದೆ ಕೇಳಿಬರುವ ಮಾತೊಂದುಂಟು: ಶಾಲಾಮಕ್ಕಳ ಆಟೋಟಗಳನ್ನು ಸರ್ಕಾರಗಳು ಎಂದೂ ಕಣ್ಣೆತ್ತಿ ನೋಡಿದುದಿಲ್ಲ, ಈಚೆಗೆ ಕೇಂದ್ರದ ದೊಡ್ಡ ಯೋಜನೆಗಳೂ ಕಂಪನಿಗಳ ಸಾಮಾಜಿಕ ಹೊಣೆಯ ನಿಧಿಗಳೂ ಬಂದ ಮೇಲೆಯೇ ಈ ಕ್ಷೇತ್ರಕ್ಕೆ ಜೀವ ಬಂದಿತು ಎಂಬುದಾಗಿ. ಬಹುಕಾಲ ಶಾಲೆಯ ಬಯಲಿನಲ್ಲಿ ಸೀಟಿ ಊದಿ, ತರುವಾಯ ತಾಲ್ಲೂಕಿನ ದೈಹಿಕ ಶಿಕ್ಷಣ ಪರಿವೀಕ್ಷಕನಾಗಿ ಇದೇ ಬಾಬಿನ ಲೆಕ್ಕಪತ್ರಗಳನ್ನು ತಿರುವಿಹಾಕಿದವನಿಗೆ ಈ ಮಾತು ಅರ್ಧಸತ್ಯವಾಗಿಯೂ ತೋರುವುದಿಲ್ಲ. ಬೊಕ್ಕಸದಿಂದ ಹಣ ಬರುತ್ತಲೇ ಇದ್ದಿತು. ಅದು ಯಾರಿಗಾಗಿ ಬರುತ್ತಿದ್ದಿತು, ಈಗ ಯಾರಿಗಾಗಿ ಬರುತ್ತಿದೆ ಎಂಬುದನ್ನು ವಿಚಾರಿಸಿದವರು ಮಾತ್ರ ವಿರಳ.

ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸಬಹುದು. ಅರಮನೆಯ ಆಶ್ರಯದಲ್ಲಿಯೂ ಊರವರ ಪೋಷಣೆಯಲ್ಲಿಯೂ ನಡೆದ ಗರಡಿಗಳು ಶಾಲೆಯ ಹೊರಗೇ ಉಳಿದವು. ಶಾಲೆಯ ಒಳಕ್ಕೆ ಬಂದುದು ದೊರೆತನದ ಕಾಲದ ಡ್ರಿಲ್ಲು, ಅದನ್ನು ಹೇಳಿಕೊಡುತ್ತಿದ್ದವರು ಬಹುಮಟ್ಟಿಗೆ ಪಲ್ಟನಿನಿಂದ ನಿವೃತ್ತರಾದ ಹವಾಲ್ದಾರರು. 1920ರಲ್ಲಿ ಹ್ಯಾರಿ ಬಕ್ಕರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ವಿದ್ಯಾಲಯವನ್ನು ತೆರೆದಾಗ, ಆಟವೂ ವಿದ್ಯೆಯ ಒಂದಂಗ, ಅದನ್ನು ಕಲಿಸತಕ್ಕವನೂ ಶಿಕ್ಷಕನೇ ಎಂಬ ಭಾವನೆ ದಕ್ಷಿಣದಲ್ಲಿ ನೆಲೆಗೊಂಡಿತು. 1923ರಲ್ಲಿ ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳವು ಸರ್ಕಾರದ ಕಾಸನ್ನು ಮುಟ್ಟದೆ ಕವಾಯತು, ಶಿಸ್ತುಗಳನ್ನು ಊರೂರಿಗೆ ಒಯ್ದಿತು. 1956ರಲ್ಲಿ ಏಕೀಕರಣವಾದಾಗ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳ ಐದು ಬಗೆಯ ಪದ್ಧತಿಗಳು ಒಂದೇ ಇಲಾಖೆಯ ಕಡತಗಳಲ್ಲಿ ಬಂದು ಸೇರಿದವು.

ಸ್ವಾತಂತ್ರ್ಯದ ಬಳಿಕದ ಎರಡು ದಶಕಗಳು ಸಮಿತಿಗಳ ಕಾಲ. 1948ರ ತಾರಾಚಂದ್ ಸಮಿತಿ, 1952–53ರ ಮೊದಲಿಯಾರ್ ಆಯೋಗಗಳ ತರುವಾಯ, 1954ರಲ್ಲಿ ಆಜಾದ್ ಹಿಂದ್ ಫೌಜಿನ ಜೆ. ಕೆ. ಭೋಂಸ್ಲೆಯವರು ದೆಹಲಿಯ ನಿರಾಶ್ರಿತರ ಮಕ್ಕಳಿಗಾಗಿ ರಾಷ್ಟ್ರೀಯ ಶಿಸ್ತು ಯೋಜನೆಯನ್ನು ಆರಂಭಿಸಿದರು. ಅದೇ ವರ್ಷ ಶಾಲಾ ಕ್ರೀಡೆಗಳ ಅಖಿಲ ಭಾರತ ಒಕ್ಕೂಟವೂ ಹುಟ್ಟಿತು. ದೈಹಿಕ ಶಿಕ್ಷಣ, ಶಿಸ್ತು ಯೋಜನೆ, ಶಾಲಾ ಕೆಡೆಟ್ಟುಗಳ ಎ.ಸಿ.ಸಿ. ಎಂಬ ಬೇರೆ ಬೇರೆ ಕಾಲುವೆಗಳಲ್ಲಿ ಹಣ ಹರಿದು ಪೋಲಾಗುತ್ತಿರುವುದನ್ನು ಕಂಡು, 1959ರಲ್ಲಿ ನೇಮಕಗೊಂಡ ಹೃದಯನಾಥ ಕುಂಜ್ರೂ ಸಮಿತಿಯು ಇವೆಲ್ಲವನ್ನೂ ಒಂದೇ ಕಾರ್ಯಕ್ರಮವಾಗಿ ಬೆಸೆದು ಶಾಲೆಯ ಕೈಗೆ ಒಪ್ಪಿಸಬೇಕೆಂದಿತು. ಅದರ ಫಲವಾಗಿ 1965ರಲ್ಲಿ ಬಂದ ರಾಷ್ಟ್ರೀಯ ಸುದೃಢತಾ ದಳವು ಹೆಚ್ಚು ಕಾಲ ಬಾಳಲಿಲ್ಲ. ಈ ಕುಂಜ್ರೂ ವರದಿಯಷ್ಟು ವಿವೇಕದ ಮಾತನ್ನು ಮುಂದಿನ ಯಾವ ಸಮಿತಿಯೂ ಆಡಿದಂತೆ ನನಗೆ ಕಾಣದು. ಅದನ್ನು ಓದಿದವರೂ ಈಗ ಉಳಿದಂತಿಲ್ಲ.

ನಮ್ಮ ತಲೆಮಾರಿನವರು ಕೆಲಸಕ್ಕೆ ಸೇರಿದುದು ಈ ಸಮಿತಿಗಳ ಗದ್ದಲವೆಲ್ಲ ಅಡಗಿದ ಮೇಲೆ. ಆಗ ಶಾಲಾ ಕ್ರೀಡೆಗೆ ಸರ್ಕಾರ ಕೊಡುತ್ತಿದ್ದ ಅತಿದೊಡ್ಡ ಅನುದಾನವು ಯಾವ ಯೋಜನೆಯ ಹೆಸರಿನಲ್ಲಿಯೂ ಇರಲಿಲ್ಲ; ಅದು ಸರ್ಕಾರಿ ಪ್ರೌಢಶಾಲೆಯಲ್ಲಿಯೂ ಅನುದಾನಿತ ಪ್ರೌಢಶಾಲೆಯಲ್ಲಿಯೂ ತಿಂಗಳ ಕೊನೆಗೆ ದೈಹಿಕ ಶಿಕ್ಷಕನ ಕೈಸೇರುತ್ತಿದ್ದ ಸಂಬಳ. ಈ ಸಂಗತಿಯನ್ನು ಕ್ರೀಡಾ ವೆಚ್ಚದ ಲೆಕ್ಕ ಬರೆಯುವ ಪಂಡಿತರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಅದು ಸಂಬಳದ ಶೀರ್ಷಿಕೆಯಲ್ಲಿ ಅಡಗಿರುವುದರಿಂದ. ಸಿ.ಪಿ.ಎಡ್. ಮುಗಿಸಿ ಬಂದ ಆ ಮೇಷ್ಟ್ರು ಊರ ಗೌಡರನ್ನು ಕಾಡಿ ಶಾಲೆಯ ಹಿಂದಣ ಬಯಲನ್ನು ಸಮತಟ್ಟು ಮಾಡಿಸುವರು; ಕೆರೆಯಿಂದ ಗಾಡಿಯಲ್ಲಿ ಮರಳು ತರಿಸಿ ಉದ್ದಜಿಗಿತದ ಗುಂಡಿಯನ್ನು ತುಂಬಿಸುವರು; ಎರಡು ಕಂಬ ನೆಟ್ಟರೆ ಖೊಖೊ, ಸುಣ್ಣದ ಗೆರೆ ಎಳೆದರೆ ಕಬಡ್ಡಿ, ಬಡಗಿಯ ಕೈಲಿ ಮಾಡಿಸಿದ ಮರದ ಡಂಬೆಲ್ಲುಗಳಿದ್ದರೆ ಸ್ವಾತಂತ್ರ್ಯೋತ್ಸವಕ್ಕೆ ಸಾಮೂಹಿಕ ಕವಾಯತು. ಪ್ರೌಢಶಾಲೆಯ ಮಕ್ಕಳಿಂದ ಕೂಡಿಬರುತ್ತಿದ್ದ ಅಲ್ಪವಾದ ಕ್ರೀಡಾ ಶುಲ್ಕದಿಂದ ಒಂದೆರಡು ವಾಲಿಬಾಲ್, ಒಂದು ನೆಟ್ಟು; ಉಳಿದುದು ಮಳೆಗಾಲದ ಹೋಬಳಿ, ತಾಲ್ಲೂಕು, ಜಿಲ್ಲಾ ಕೂಟಗಳ ಬಸ್ ಚಾರ್ಜಿಗೆ. ಆ ಮೈದಾನದಿಂದ ಅಂತರರಾಷ್ಟ್ರೀಯ ಪದಕಗಳೇನೂ ಹೊರಡಲಿಲ್ಲ, ನಿಜ. ಆದರೆ ವಾರದ ಆಟದ ಪೀರಿಯಡ್ಡಿನಲ್ಲಿ ತರಗತಿಯ ಅಷ್ಟೂ ಮಕ್ಕಳು, ಬಡಕಲಾದವರೂ ನಾಚುವವರೂ ಸೇರಿ, ಮೈದಾನಕ್ಕೆ ಇಳಿಯುತ್ತಿದ್ದರು. ಸಾರ್ವಜನಿಕ ಧನವು ಸಾರ್ವಜನಿಕರಿಗೆ ಸಲ್ಲುವುದೆಂದರೆ ಇದೇ ಎಂದು ಬಕ್ಕರ ಪರಂಪರೆಯಲ್ಲಿ ಕಲಿತ ನಾವು ನಂಬಿದ್ದೆವು. ನಾನಂತೂ ಈಗಲೂ ನಂಬಿದ್ದೇನೆ.

ಹೊರಳುದಾರಿ ಬಂದುದು 1982ರಲ್ಲಿ. ದೆಹಲಿಯ ಏಷ್ಯನ್ ಕ್ರೀಡಾಕೂಟದ ವೈಭವ ದೂರದರ್ಶನದಲ್ಲಿ ಕಾಣಿಸಿಕೊಂಡುದೇ ತಡ, ಕೇಂದ್ರದಲ್ಲಿ ಕ್ರೀಡೆಗೊಂದು ಪ್ರತ್ಯೇಕ ಇಲಾಖೆ, 1984ರಲ್ಲಿ ಕ್ರೀಡಾ ಪ್ರಾಧಿಕಾರ, ಅದೇ ವರ್ಷ ರಾಷ್ಟ್ರೀಯ ಕ್ರೀಡಾನೀತಿಗಳು ಬಂದವು. 1986ರ ಶಿಕ್ಷಣ ನೀತಿಯು ಕ್ರೀಡೆಯನ್ನು ಕಲಿಕೆಯ ಅವಿಭಾಜ್ಯ ಅಂಗವೆಂದು ಕರೆದಿತಾದರೂ, ಹಣವು ಕಲಿಕೆಯ ಇಲಾಖೆಯನ್ನು ಬಿಟ್ಟು ಗೆಲುವಿನ ಇಲಾಖೆಯತ್ತ ಆಗಲೇ ಮುಖಮಾಡಿದ್ದಿತು. ಸಂವಿಧಾನದಲ್ಲಿಯೇ ಈ ಒಡಕಿಗೊಂದು ಬೀಜವಿರುವುದನ್ನು ಗಮನಿಸಬೇಕು: 1976ರ ತಿದ್ದುಪಡಿಯಿಂದ ಶಿಕ್ಷಣವು ಸಮವರ್ತಿ ಪಟ್ಟಿಗೆ ಹೋಯಿತು, ಕ್ರೀಡೆಯಾದರೋ ರಾಜ್ಯಪಟ್ಟಿಯ 33ನೆಯ ನಮೂದಿನಲ್ಲಿ ನಾಟಕ, ಸಿನಿಮಾ, ವಿನೋದಗಳ ಸಾಲಿನಲ್ಲಿ ಕುಳಿತಿದೆ. ನಮ್ಮ ರಾಜ್ಯದಲ್ಲಿಯೂ ಶಾಲೆಯ ಮೈದಾನ ಶಿಕ್ಷಣ ಇಲಾಖೆಯದು, ಕ್ರೀಡಾಂಗಣವೂ ಕೂಡಿಗೆಯಂಥ ಕ್ರೀಡಾಶಾಲೆಗಳೂ ಯುವಜನ ಇಲಾಖೆಯವು.

2008–09ರಲ್ಲಿ ಬಂದ 'ಪೈಕಾ' ಯೋಜನೆಯನ್ನು ಅದರ ಎಲ್ಲ ದೋಷಗಳ ನಡುವೆಯೂ ನಾನು ಮೆಚ್ಚುತ್ತೇನೆ. ಹತ್ತು ವರ್ಷಗಳಲ್ಲಿ ದೇಶದ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಆಟದ ಬಯಲು, ಅದಕ್ಕಾಗಿ ಒಂದು ಲಕ್ಷ ರೂಪಾಯಿಗಳ ಮೂಲಧನ, ನೋಡಿಕೊಳ್ಳಲು ಗೌರವಧನದ ಮೇಲೆ ಒಬ್ಬ 'ಕ್ರೀಡಾಶ್ರೀ' ಎಂಬುದು ಅದರ ಸಂಕಲ್ಪ. ಹತ್ತು ವರ್ಷ ತುಂಬುವ ಮೊದಲೇ, 2014ರಲ್ಲಿ, ಅದು ಹೆಸರು ಬದಲಿಸಿಕೊಂಡಿತು; 2016ರಲ್ಲಿ 'ಖೇಲೋ ಇಂಡಿಯಾ'ದಲ್ಲಿ ಲೀನವಾಯಿತು. ಆ ಖೇಲೋ ಇಂಡಿಯಾವನ್ನು 2017ರಲ್ಲಿ ಮೂರು ವರ್ಷಕ್ಕೆ 1,756 ಕೋಟಿ ರೂಪಾಯಿಗಳ ಅಂದಾಜಿನಿಂದ ಪುನಾರಚಿಸಿದಾಗ, ಆಯ್ಕೆಯಾದ ಪ್ರತಿಭಾವಂತನೊಬ್ಬನಿಗೆ ವರ್ಷಕ್ಕೆ ಐದು ಲಕ್ಷದಂತೆ ಎಂಟು ವರ್ಷ ನೆರವು ಎಂದಾಯಿತು. ಮರುವರ್ಷ ಬಂದ ಸಮಗ್ರ ಶಿಕ್ಷಣ ಯೋಜನೆಯು ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿಗಳ ಕ್ರೀಡಾ ಅನುದಾನವನ್ನು ಗೊತ್ತುಪಡಿಸಿತು. ಒಬ್ಬ ಆಟಗಾರನ ಒಂದು ವರ್ಷದ ಮೊತ್ತದಲ್ಲಿ ನೂರು ಕಿರಿಯ ಪ್ರಾಥಮಿಕ ಶಾಲೆಗಳು ವರ್ಷ ಕಳೆಯತಕ್ಕದ್ದು. ಆಟಗಾರನಿಗೆ ಕೊಟ್ಟುದು ಹೆಚ್ಚಾಯಿತೆಂದು ನಾನು ಹೇಳೆನು.

ಆ ಐದು ಸಾವಿರದ ಗತಿಯನ್ನೂ ನೋಡಬೇಕು. ಹಣದಿಂದ ಕೊಂಡ ಫುಟ್‌ಬಾಲು, ಸ್ಕಿಪಿಂಗ್ ಹಗ್ಗ, ರಿಂಗು, ಕೇರಂ ಹಲಗೆಗಳು ಮೊದಲು ದಾಸ್ತಾನು ವಹಿಯಲ್ಲಿ ಏರಬೇಕು. ಏರಿದ ವಸ್ತುವನ್ನು ಇಳಿಸಬೇಕಾದರೆ ಹರಿದ ಚೆಂಡನ್ನಾದರೂ ಲೆಕ್ಕಪರಿಶೋಧಕರಿಗೆ ತೋರಿಸಬೇಕು. ಮುಖ್ಯೋಪಾಧ್ಯಾಯರು, ಪಾಪ, ಬಿಸಿಯೂಟದ ಅಕ್ಕಿಬೇಳೆಯ ಲೆಕ್ಕದಲ್ಲಿಯೇ ಹೈರಾಣಾದವರು, ಚೆಂಡು ಹೊರಗೆ ಹೋದರೆ ಪಂಕ್ಚರಾದೀತೆಂದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಪ್ಲಾಸ್ಟಿಕ್ ಚೀಲವನ್ನೇ ಬಿಚ್ಚದ ಚೆಂಡುಗಳು ಬೀರುವಿನ ಮೇಲರೆಯಲ್ಲಿ ಗಾಳಿಯಿಳಿದು ಸೊಟ್ಟಗಾಗಿ ಕುಳಿತಿರುವುದನ್ನು ತಪಾಸಣೆಗೆ ಹೋದಲ್ಲೆಲ್ಲ ಕಂಡಿದ್ದೇನೆ.

ಪಠ್ಯೇತರ ಚಟುವಟಿಕೆಗಳ ಕಥೆಯೂ ಇದಕ್ಕಿಂತ ಬೇರೆಯದಲ್ಲ. ಸ್ಕೌಟು, ಸೇವಾದಳಗಳು ಶಿಕ್ಷಕರ ಉತ್ಸಾಹದ ಮೇಲೆ ನಿಂತಿವೆ. 'ಪ್ರತಿಭಾ ಕಾರಂಜಿ'ಯು ಹಳ್ಳಿಯ ಮಕ್ಕಳನ್ನು ವೇದಿಕೆಗೆ ಹತ್ತಿಸಿದ ಪುಣ್ಯಕಾರ್ಯವೆಂಬುದರಲ್ಲಿ ಸಂಶಯವಿಲ್ಲ; ಆದರೆ ಅಲ್ಲಿ ಹಣ ಹೋಗುವುದು ಶಾಮಿಯಾನ, ಮೈಕು, ಊಟ, ಪ್ರಶಸ್ತಿಪತ್ರಗಳಿಗೆ, ಹಾಡು ಕಲಿಸುವವರಿಗಲ್ಲ. ಅದೂ ಸಾಲದೆ ಬಂದಾಗ ಶಿಕ್ಷಕರು ರಸೀತಿ ಪುಸ್ತಕ ಹಿಡಿದು ಪೇಟೆಯ ಅಂಗಡಿಗಳನ್ನು ಹತ್ತಿ ಇಳಿಯುವರು. ಹೆಗ್ಗೋಡಿನ ನೀನಾಸಮ್, ಮೈಸೂರಿನ ರಂಗಾಯಣಗಳಿರುವ ನಾಡಿನಲ್ಲಿ ಕೆಲವೇ ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿ, ಆ ಒಳ್ಳೆಯ ಪ್ರಯೋಗವನ್ನು ಅಷ್ಟಕ್ಕೇ ನಿಲ್ಲಿಸಿದುದು ಅನ್ಯಾಯ.

ಇನ್ನು 2009ರ ಶಿಕ್ಷಣ ಹಕ್ಕಿನ ಕಾಯಿದೆ. ಅದರ ಅನುಸೂಚಿಯು ಪ್ರತಿ ಶಾಲೆಗೂ ಆಟದ ಮೈದಾನ ಬೇಕೆಂದು ವಿಧಿಸಿ, ಆಟ ಕಲಿಸುವವರನ್ನು ಮಾತ್ರ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕೆ ಮೇಲ್ಪಟ್ಟು ಮಕ್ಕಳಿದ್ದಲ್ಲಿಗೆ, ಅದೂ ಅರೆಕಾಲಿಕರೆಂದು, ಮಿತಿಗೊಳಿಸಿತು. ನೂರು ತಲೆ ಕೂಡದ ಹಳ್ಳಿಯ ಶಾಲೆಗೆ ಹಾಗಾದರೆ ಯಾರು? ದೈಹಿಕ ಶಿಕ್ಷಕರನ್ನು ಇತರ ಸಹಶಿಕ್ಷಕರಂತೆಯೇ ಕಾಣಬೇಕು, ಅವರಿಗೂ ಬಡ್ತಿ ದೊರೆಯಬೇಕು ಎಂಬ ಬೇಡಿಕೆಗೆ ಆಧಾರವಾದ ಪ್ರೊ. ಎಲ್. ಆರ್. ವೈದ್ಯನಾಥನ್ ವರದಿಯನ್ನು ಜಾರಿಗೆ ತರಬೇಕೆಂದು ನಮ್ಮ ಸಂಘಟನೆಗಳು ವರ್ಷವರ್ಷವೂ ಮನವಿ ಕೊಡುತ್ತಿವೆ. ಈ ನಡುವೆ ಸಮಗ್ರ ಶಿಕ್ಷಣದ ಪರಿಷ್ಕೃತ ನಿಯಮದಲ್ಲಿ, ರಾಷ್ಟ್ರಮಟ್ಟದ ಖೇಲೋ ಇಂಡಿಯಾ ಶಾಲಾ ಕ್ರೀಡೆಗಳಲ್ಲಿ ಇಬ್ಬರಾದರೂ ಮಕ್ಕಳು ಪದಕ ಗೆದ್ದ ಶಾಲೆಗೆ 25,000 ರೂಪಾಯಿಗಳವರೆಗೆ ಹೆಚ್ಚಿನ ಕ್ರೀಡಾ ಅನುದಾನ ಎಂದು ಸೇರಿಸಲಾಗಿದೆ; ಮೈದಾನವೂ ಮೇಷ್ಟ್ರೂ ಇಲ್ಲದ ಶಾಲೆಗೆ ಮೊದಲು ಒಂದಿಷ್ಟು ಹೆಚ್ಚು ಎಂಬ ಮಾತು ಅಲ್ಲಿ ಎಲ್ಲಿಯೂ ಇಲ್ಲ.

ಓದುಗರಲ್ಲಿ ಎಸ್.ಡಿ.ಎಂ.ಸಿ. ಸದಸ್ಯರಾದವರೂ ಇರಬಹುದು. ಮುಂದಿನ ಸಭೆಯಲ್ಲಿ ಕ್ರೀಡಾ ಅನುದಾನದ ಖರ್ಚನ್ನು ಓದಿಸಿ ಕೇಳಿರಿ, ಬೀರುವಿನ ಬೀಗವನ್ನು ತೆಗೆಸಿರಿ, ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಠರಾವು ಬರೆದು ಕಳುಹಿಸಿರಿ.