ಕಿತ್ತೂರು ನಾಡಿನ ಸಂಪತ್ತೂ ಜನಾರೋಗ್ಯವೂ

ನಾಡಿಗೆ ಸಿರಿಯು ಬಂದೊಡನೆ ಆರೋಗ್ಯವೂ ತಾನಾಗಿಯೇ ಬರುವುದೆಂಬ ನಂಬುಗೆಯು ಹಲವರಲ್ಲಿ ಉಂಟು. ಕಿತ್ತೂರು, ಬೈಲಹೊಂಗಲ, ಸವದತ್ತಿ ಸೀಮೆಗಳ ಇತಿಹಾಸವನ್ನು ಪರಿಶೀಲಿಸಿದರೆ, ಈ ಮಾತು ಅರ್ಧಸತ್ಯವೆಂಬುದು ವ್ಯಕ್ತವಾಗುತ್ತದೆ.

ಈ ಸೀಮೆಯ ಎರೆಭೂಮಿಯಲ್ಲಿ ಜೋಳದೊಡನೆ ಹತ್ತಿಯ ಬೆಳೆಯು ಪೂರ್ವದಿಂದಲೂ ಇದ್ದಿತು. 1861 ರಿಂದ 1865 ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧವು ನಡೆದು, ಅಲ್ಲಿಯ ಹತ್ತಿಯು ಇಂಗ್ಲಂಡಕ್ಕೆ ದೊರೆಯದಂತಾಗಲು, ಇಲ್ಲಿಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆಯು ಬಂದಿತು. ಅಂಡಿಗೆಗಳನ್ನು ಹೇರಿದ ಬಂಡಿಗಳು ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಸಾಗಿದವು. ಯುದ್ಧವು ಮುಗಿಯಲು ಬೆಲೆಯೂ ಇಳಿಯಿತು. ಅನಂತರ ಸ್ವಲ್ಪ ಕಾಲದಲ್ಲಿಯೇ 1876-78 ರ ಘೋರ ಕ್ಷಾಮವು ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಆವರಿಸಿತು. ಕಾಳಿನ ಬೆಲೆ ಏರಿತು, ಕೂಲಿಯು ದೊರೆಯದಾಯಿತು. ಹಸಿವಿನಿಂದ ಬಡಕಲಾದ ದೇಹಗಳನ್ನು ವಾಂತಿಭೇದಿ, ಜ್ವರಗಳು ಸುಲಭವಾಗಿ ಬಲಿಗೊಂಡವು. ಹತ್ತಿಯ ಹಣವು ಕೂಲಿಕಾರನ ಮನೆಯಲ್ಲಿ ಕಾಳಿನ ಹಗೇವಾಗಿ ನಿಂತಿರಲಿಲ್ಲ.

ಮುಂದೆ 1880 ರ ದಶಕದಲ್ಲಿ ಉಗಿಬಂಡಿಯು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳಿಗೆ ಬಂದಿತು, ವ್ಯಾಪಾರವು ಬೆಳೆಯಿತು. ಆದರೆ 1896 ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಅದೇ ದಾರಿಗಳನ್ನು ಹಿಡಿದು ಒಳನಾಡಿಗೆ ಹಬ್ಬಿತು. ಧಾನ್ಯದ ಚೀಲಗಳೊಡನೆ ಇಲಿಗಳೂ ಚಿಗಟಗಳೂ ಪೇಟೆಯಿಂದ ಪೇಟೆಗೆ ಸಾಗಿದವು. ಚಿಗಟವೇ ರೋಗವನ್ನು ಒಯ್ಯುವುದೆಂಬುದನ್ನು 1898 ರಲ್ಲಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ತೋರಿಸಿದನು. ಅದೇ ವರ್ಷ ಸಂಪನ್ನವಾದ ವ್ಯಾಪಾರಸ್ಥಳವಾಗಿದ್ದ ಹುಬ್ಬಳ್ಳಿಯೇ ಈ ಮಾರಿಯಿಂದ ಬಹುವಾಗಿ ನೊಂದಿತು. ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಸಾವಿರಾರು ಜನರು ಹಾಫ್ಕಿನ್ ಪಂಡಿತನ ಲಸಿಕೆಯನ್ನು ಹಾಕಿಸಿಕೊಂಡರು.

ಇದಕ್ಕೆ ಪ್ರತಿಯಾದ ಇನ್ನೊಂದು ದೃಷ್ಟಾಂತವಿದೆ. ಮೆಟ್ಟಿಲಬಾವಿಯ ನೀರಿನಿಂದ ತಗಲುವ ನಾರುಹುಣ್ಣು ಕರ್ನಾಟಕದ ರೈತನನ್ನು ಬಹುಕಾಲ ಕಾಡಿತು. ಬಿತ್ತುವ, ಕೊಯ್ಯುವ ಹೊತ್ತಿಗೇ ಅವನನ್ನು ಹಾಸಿಗೆಗೆ ಕೆಡವಿ, ಕುಟುಂಬದ ದುಡಿಮೆಯನ್ನೇ ನಿಲ್ಲಿಸುತ್ತಿತ್ತು. ಆ ವ್ಯಾಧಿಯು ಅಡಗಿದ್ದು ಅಪಾರ ಧನದಿಂದಲ್ಲ; ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಬಾವಿಗೆ ಇಳಿಯದೆ ಹಗ್ಗದಿಂದ ಸೇದುವುದು, ಕೊಳವೆಬಾವಿ ತೋಡುವುದು ಮೊದಲಾದ ಉಪಾಯಗಳಿಂದ. 2000 ದಲ್ಲಿ ಭಾರತವು ಅದರಿಂದ ಮುಕ್ತವಾಯಿತೆಂದು ಘೋಷಿತವಾಯಿತು.

ಆದುದರಿಂದ ಸಂಪತ್ತು ಹೇಯವಲ್ಲ, ಆರೋಗ್ಯಕ್ಕೆ ತಾನೇ ಸಾಲುವುದೂ ಅಲ್ಲ. ದುಡಿಯುವವನ ದೇಹವೇ ಕುಸಿದರೆ ಸಿರಿಯ ಬೇರೇ ಒಣಗುವುದು. ಕಾಯಕದಿಂದ ಬಂದ ಧನವು ದಾಸೋಹರೂಪವಾಗಿ ಊರಿನ ನೀರಿಗೆ, ನೈರ್ಮಲ್ಯಕ್ಕೆ, ಬಡವನ ಅನ್ನಕ್ಕೆ ಸಲ್ಲಿದಾಗಲೇ ನಾಡು ನಿಜವಾಗಿ ಬೆಳೆಯಿತೆನ್ನಬಹುದು.